ಖಾಲಿ ಹೊಟ್ಟೆಗೆ ಟ್ರೇಡ್ ಇಲ್ಲ

ಆ ಶನಿವಾರ ನಮ್ಮ ಇಂಟರ್‌ನೆಟ್ ಕೆಫೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಯುಪಿಎಸ್‌ಗಳೆಲ್ಲ ಒಟ್ಟಿಗೆ ಕೀರಲಾರಂಭಿಸಿದವು. ಹುಡುಗರು ಅದಕ್ಕಿಂತ ಜೋರಾಗಿ ಕಿರುಚಿದರು. ನನ್ನ ತಮ್ಮ ಮೂಲೆಯ ತನ್ನ ಕುರ್ಚಿಯಿಂದ ಏಳದೆಯೇ, "ಪಹಲೇ ಶಹರ್ ಮೇಂ ಘುಸೋ, ರೋನಾ ಬಾದ್ ಮೇಂ" ಎಂದ, ಮೊದಲು ಊರೊಳಗೆ ನುಗ್ಗಿ, ಅಳು ಆಮೇಲೆ ಎಂದು. ಅವರು ಆಡುವ ಕಂಪ್ಯೂಟರ್ ಆಟದಲ್ಲಿ ಕೋಟೆಯ ಒಳಗಿನ ಊರಿಗೆ ಹೊಕ್ಕವರನ್ನು ಯಾರೂ ಕೊಲ್ಲುವಂತಿಲ್ಲ. ಎಲ್ಲರೂ ಊರೊಳಗೆ ಹೊಕ್ಕರು, ಕರೆಂಟೂ ಬಂತು.

ನಾನು ಮನೆಯಿಂದ ತಂದಿಟ್ಟಿದ್ದ ಡಬ್ಬಿ ಅವನ ಕೀಬೋರ್ಡಿನ ಪಕ್ಕದಲ್ಲೇ ಇತ್ತು.

"ವಣಸ್ ಆಂಡಾ?" ಎಂದು ಕೇಳಿದೆ. ಊಟ ಆಯಿತಾ ಎಂದು ನಮ್ಮ ತುಳುವಿನಲ್ಲಿ.

"ಆಂಡ್" ಎಂದ. ಆಯಿತು.

ಮುಂಬಯಿ ಹತ್ತಿರದ ಈ ಡೊಂಬಿವಲಿಯಲ್ಲೇ ಹುಟ್ಟಿದವನು. ನಾನು ತುಳುವಿನಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರ ಕೊಡುವವನು. ಚಾಳಿನ ಮಕ್ಕಳೆಲ್ಲ ನನ್ನನ್ನು ದೀದಿ ಎನ್ನುತ್ತಿದ್ದರು, ಅವನೂ ದೀದಿ ಎಂದೇ ಕರೆದ. ಅವನು ನನಗೆಂದು ಆಡುತ್ತಿದ್ದ ತುಳು ಆ ಒಂದೇ ಪದ, ಆಂಡ್. ಅದಕ್ಕೇ ನಾನು ದಿನಕ್ಕೆ ಎರಡು ಸಲ ಅದನ್ನು ಕೇಳುತ್ತಿದ್ದೆನೋ ಏನೋ.

ಅಂದು ನನಗೆ ಉತ್ತರ ಕೊಡುವಾಗಲೇ ಅವನ ಬೆರಳುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಪ್ರಶ್ನೆಯನ್ನು ಪರದೆಯ ಮೇಲೆ ಬೇರೆ ಯಾರಿಗೋ ಕೇಳುತ್ತಿದ್ದವು. ಉತ್ತರ ಬಂತು. ಅವನು ತನ್ನಷ್ಟಕ್ಕೇ ನಕ್ಕ. ಯಾರು ಎಂದು ನಾನು ಕೇಳಲಿಲ್ಲ. ಸಂಜೆ ಡಬ್ಬಿ ಎತ್ತಿದರೆ ತಂದಷ್ಟೇ ಭಾರ ಇತ್ತು. "ನೀಚೇ ವಡಾಪಾವ್ ಖಾಯಾ, ದೀದಿ" ಎಂದ, ಕೆಳಗೆ ತಿಂದೆ ಎಂದು.

ಮರುದಿನ ಜ್ವರ ಬಂತು, ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆ ಒಳಗೊಳಗೇ ಬಹಳ ದಿನದಿಂದ ಇತ್ತು ಎಂದರು ಡಾಕ್ಟರು. ಮುಂದಿನ ಶನಿವಾರಕ್ಕೆ ಅವನು ಇರಲಿಲ್ಲ.

ಅಪ್ಪ ಅಮ್ಮ ಮೊದಲೇ ತೀರಿದ್ದರು. ಅವನಿಗೆ ನಾನು, ನನಗೆ ಅವನು, ನಡುವೆ ಬೇರೆ ಯಾರೂ ಇಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಈ ಬರಹ ಆ ತಿಳಿವಳಿಕೆ ಹೋದ ಬಗೆಯದ್ದು.

ಕ್ರಿಯೆಗಳು ಮುಗಿದ ಮೇಲೆ ಕೆಫೆ ತೆರೆದೆ. ಅವನು ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಕಲಿತೆ. ಮೊದಲು ಸರ್ವರ್ ಹಚ್ಚಬೇಕು, ಆಮೇಲೆ ಉಳಿದ ಮೆಷಿನ್‌ಗಳು. ಮೌಸಿನ ಅಡಿಗೆ ಕೂತ ಎಣ್ಣೆಕೊಳೆಯನ್ನು ಉಗುರಿನಿಂದ ಕೆರೆಯಬೇಕು. ಆಟಕ್ಕೆ ಹೊಸ ಅಪ್‌ಡೇಟ್ ಬಂದರೆ ಒಂದು ಮೆಷಿನ್‌ಗೆ ಇಳಿಸಿಕೊಂಡು ಅಲ್ಲಿಂದ ಎಲ್ಲಕ್ಕೂ ಕಾಪಿ ಮಾಡಬೇಕು, ಇಲ್ಲದಿದ್ದರೆ ಇಡೀ ಲೈನು ಜಾಮ್ ಆಗುತ್ತದೆ. ಹುಡುಗರೇ ಕಲಿಸಿದರು. ಅವನ ಮೂಲೆಯ ಮೆಷಿನ್ ಮಾತ್ರ ಹಚ್ಚಲಿಲ್ಲ. ಒಂದು ಟವೆಲ್ ಹೊದಿಸಿದೆ.

ಅವನ ಇನ್ನೊಂದು ಕೆಲಸ ನನಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಆ ಆಟದಲ್ಲಿ ಕತ್ತಿ, ಶಿರಸ್ತ್ರಾಣ, ಬೆನ್ನಿಗೆ ಕಟ್ಟುವ ರೆಕ್ಕೆ ಇಂಥವಿರುತ್ತವೆ. ತಿಂಗಳುಗಟ್ಟಲೆ ಆಡಿದರೆ ಒಂದು ಸಿಗುತ್ತದೆ. ಹುಡುಗರು ಅವುಗಳನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ. ಇಬ್ಬರು ಎದುರುಬದುರು ನಿಂತರೆ ಒಂದು ಪೆಟ್ಟಿಗೆ ತೆರೆಯುತ್ತದೆ, ಇಬ್ಬರೂ ತಮ್ಮ ವಸ್ತು ಇಟ್ಟು ಓಕೆ ಒತ್ತಿದರೆ ಆಯಿತು. ಅದಕ್ಕೆ ಅವರು ಟ್ರೇಡ್ ಎನ್ನುತ್ತಾರೆ. ಮೋಸವೂ ಅಲ್ಲೇ. ಕೊನೆಯ ಗಳಿಗೆಯಲ್ಲಿ ಒಳ್ಳೆಯ ಕತ್ತಿ ತೆಗೆದು ಅದೇ ಬಣ್ಣದ ಕಳಪೆ ಕತ್ತಿ ಇಡುತ್ತಾರೆ. ನಿನ್ನ ರೆಕ್ಕೆ ಕೊಡು, ಎರಡು ಮಾಡಿ ಕೊಡುತ್ತೇನೆ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಹಿಡಿಯದಷ್ಟು ಸಾಮಾನಿದ್ದರೆ ಯಾರಾದರೊಬ್ಬರು ಮೊದಲು ಕೊಡಬೇಕಾಗುತ್ತದೆ, ಪಡೆದವನು ಮಾಯವಾಗುತ್ತಾನೆ. ಅಂಥ ಕಡೆ ಇಬ್ಬರೂ ನಂಬುವ ಒಬ್ಬ ಮಧ್ಯಸ್ಥ ಬೇಕು. ಇಬ್ಬರ ವಸ್ತುವನ್ನೂ ತಾನು ಇಟ್ಟುಕೊಂಡು, ನೋಡಿ, ಆಮೇಲೆ ಹಂಚುವವನು.

ಡೊಂಬಿವಲಿ, ಕಲ್ಯಾಣ, ನೆರೂಳ್, ಕಾಮೋಠೆಯ ಕೆಫೆಗಳಲ್ಲಿ ಆಡುವ ಹುಡುಗರಿಗೆಲ್ಲ ಆ ಮಧ್ಯಸ್ಥ ನನ್ನ ತಮ್ಮ. ಆಟದಲ್ಲಿ ಅವನ ಹೆಸರು ಕಡ್ಲೆ ಅಣ್ಣ. ಸದಾ ಹುರಿದ ಕಡಲೆ ಜಗಿಯುತ್ತಿದ್ದ, ಅದಕ್ಕೆ.

ಕೆಫೆ ತೆರೆದು ಕೆಲವು ವಾರವಾಗಿತ್ತು. ಠಾಕುರ್ಲಿಯಿಂದ ಬರುವ ಹನ್ನೊಂದನೇ ಕ್ಲಾಸಿನ ಹುಡುಗನೊಬ್ಬ ಕೌಂಟರಿಗೆ ಬಂದು ನಿಂತ. ಕಿವಿ ಕೆಂಪಾಗಿತ್ತು.

"ಆಂಟಿ, ಅಣ್ಣಾಚಾ ಐಡಿ ಕೊಣಾಲಾ ದಿಲಾ?" ಅಣ್ಣನ ಐಡಿಯನ್ನು ಯಾರಿಗೆ ಕೊಟ್ಟಿರಿ ಎಂದು.

"ಯಾವ ಐಡಿ? ನಾನು ಯಾರಿಗೂ ಕೊಟ್ಟಿಲ್ಲ."

ಅವನು ಹೇಳಿದ್ದು ಇಷ್ಟು. ಎರಡು ದಿನದಿಂದ ಕಡ್ಲೆ ಅಣ್ಣ ಸಂತೆಯಲ್ಲಿ ಕಾಣಿಸುತ್ತಿದ್ದಾನೆ, ಅಂದರೆ ಆಟದೊಳಗಿನ ಪೇಟೆಯಲ್ಲಿ. ಟ್ರೇಡ್ ಮಾಡಿಸುತ್ತಿದ್ದಾನೆ. ಮನೆಯವರು ಯಾರೋ ಅಣ್ಣನ ಕೆಲಸ ಮುಂದುವರಿಸಿದ್ದಾರೆ ಎಂದು ಈ ಹುಡುಗ ತಿಳಿದ. ಯಾಕೆಂದರೆ ಅದು ಅಣ್ಣನ ಹಾಗೇ ಮೊದಲು "ವಣಸ್ ಆಂಡಾ" ಎಂದು ಕೇಳಿತು. ಇವನು ತನ್ನ ರೆಕ್ಕೆ ಒಪ್ಪಿಸಿದ. ರೆಕ್ಕೆಯೊಂದಿಗೆ ಅದು ಹೋಯಿತು.

"ಒಂಬತ್ತನೇ ಕ್ಲಾಸಿನಿಂದ ಆಡಿ ಗಳಿಸಿದ್ದು, ಆಂಟಿ" ಎಂದ. ಅಳಲಿಲ್ಲ. ಅವನ ಕಣ್ಣು ಕೌಂಟರಿನ ಗಾಜಿನ ಮೇಲೇ ಇತ್ತು.

ನನ್ನ ಮೊದಲ ಭಾವನೆ ಅವನ ಬಗ್ಗೆ ಇರಲಿಲ್ಲ. ತಮ್ಮನ ಹೆಸರು ಎಲ್ಲೋ ದೀಪದ ಹಾಗೆ ಉರಿಯುತ್ತಿದೆ ಎಂದು ಒಂದು ಕ್ಷಣ ಸಂತೋಷವಾಯಿತು. ಆಮೇಲೆ ಬೇರೆಯದು ಹೊಳೆಯಿತು. ಹೆಸರು ಉರಿಯಬೇಕಾದರೆ ಅವನ ಪಾಸ್‌ವರ್ಡ್ ಯಾರದೋ ಕೈಯಲ್ಲಿದೆ. ಒಂದೇ ಕೋಣೆಯಲ್ಲಿ ಮಲಗಿ ಎದ್ದ ನನಗೆ ಕೊಟ್ಟಿಲ್ಲ, ಬೇರೆ ಯಾರಿಗೋ ಕೊಟ್ಟಿದ್ದಾನೆ.

"ಯಾರ ಹತ್ತಿರ ಇರಬಹುದು?" ಎಂದೆ.

ಹುಡುಗ ಯೋಚಿಸದೆ ಹೇಳಿದ. "ಖಾರಘರ್‌ವಾಲೀ ಅಕ್ಕಾ. ಅಣ್ಣಾ ಅವರನ್ನು ಅಕ್ಕಾ ಅಂತಿದ್ದರು. ನಿಮ್ಮ ಭಾಷೆಯಲ್ಲೇ ಮಾತು. ಬಹುತ್ ಬಾತ್ ಕರತೇ ಥೇ, ಬಹಳ ಮಾತಾಡುತ್ತಿದ್ದರು."

ಅವನು ಹೋದ ಮೇಲೆ ನಾನು ಒಂದು ಮೌಸನ್ನು ಬಹಳ ಹೊತ್ತು ಕೆರೆದೆ.

ಕೂಡಲೇ ಅವಳನ್ನು ಹುಡುಕಲಿಲ್ಲ. ಅವಳನ್ನು ಬಿಟ್ಟು ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯೋಣ ಎಂದುಕೊಂಡೆ. ಹುಡುಗನನ್ನು ಕರೆದುಕೊಂಡು ಪೊಲೀಸ್ ಚೌಕಿಗೆ ಹೋದೆ. ಹವಾಲ್ದಾರರು ಒಳ್ಳೆಯವರು, ಕುರ್ಚಿ ಕೊಟ್ಟರು.

"ಏನು ಕಳವಾಗಿದೆ?"

"ರೆಕ್ಕೆ" ಎಂದ ಹುಡುಗ.

"ಕೋಳಿಯದ್ದಾ?"

"ಇಲ್ಲ ಸಾಹೇಬ, ಡ್ರ್ಯಾಗನ್‌ದು."

ಹವಾಲ್ದಾರರು ಪೆನ್ನು ಕೆಳಗಿಟ್ಟರು. ನಗಲಿಲ್ಲ, ಅದೊಂದು ಪುಣ್ಯ. ಕಣ್ಣಿಗೆ ಕಾಣುವ ವಸ್ತುವಾದರೆ ಬರೆದುಕೊಳ್ಳಬಹುದು, ಇದನ್ನು ಹೇಗೆ ಬರೆಯುವುದು ತಾಯಿ ಎಂದು ನನ್ನನ್ನೇ ಕೇಳಿದರು.

ಆಟದ ಕಂಪನಿಗೆ ಬರೆದೆವು. ಹುಡುಗ ಟೈಪ್ ಮಾಡಿದ, ನಾನು ಹೇಳಿದೆ. ಈ ಹೆಸರಿನ ಆಟಗಾರ ತೀರಿಕೊಂಡಿದ್ದಾನೆ, ಈ ಹೆಸರನ್ನು ಮುಚ್ಚಿ. ಉತ್ತರ ಬಂತು. ಖಾತೆ ತೆರೆದಾಗ ಕೊಟ್ಟ ಇಮೇಲ್ ಯಾವುದು, ಯಾವ ಹುಟ್ಟಿದ ದಿನ ಹಾಕಿದ್ದು, ಗುಟ್ಟಿನ ಪ್ರಶ್ನೆಗೆ ಉತ್ತರ ಏನು ಎಂದು ಕೇಳಿದ್ದರು. ನಿಜವಾದ ಹುಟ್ಟಿದ ದಿನ ಹಾಕಿದೆವು. ತಪ್ಪು ಎಂದು ಬಂತು. ಮಕ್ಕಳು ವಯಸ್ಸು ಹೆಚ್ಚು ಮಾಡಿ ಬೇರೇನೋ ಹಾಕುತ್ತಾರಂತೆ. ಅವನು ಹುಟ್ಟಿದಾಗ ಆಸ್ಪತ್ರೆಯ ಹೊರಗೆ ಬಟ್ಟೆ ಹಿಡಿದು ನಿಂತವಳು ನಾನು. ಅವನು ಬರೆದುಕೊಂಡ ಹುಟ್ಟಿದ ದಿನ ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕಲ್ಯಾಣದ ಒಬ್ಬನ ಕತ್ತಿ ಹೋಯಿತು, ಕಾಮೋಠೆಯ ಅಣ್ಣ ತಂಗಿಯರು ಕೂಡಿ ಗಳಿಸಿದ್ದ ಕವಚ ಹೋಯಿತು. ಅವರಿಗೆಲ್ಲ ನನ್ನ ತಮ್ಮ ತೀರಿಕೊಂಡದ್ದೇ ಗೊತ್ತಿಲ್ಲ. ಕಡ್ಲೆ ಅಣ್ಣ ಕಳ್ಳನಾದ ಎಂದು ಸಂತೆಯಲ್ಲಿ ಬರೆಯುತ್ತಿದ್ದಾರೆ ಎಂದು ಹುಡುಗ ಬಂದು ಹೇಳಿದ. ಇನ್ನು ಕಾಯುವಂತಿರಲಿಲ್ಲ. ಅವನು ಬಿಟ್ಟುಹೋದದ್ದು ಅದೊಂದೇ ಹೆಸರು, ಅದೂ ಹೊಲಸಾಗುತ್ತಿತ್ತು.

ಆಸ್ಪತ್ರೆಯಲ್ಲಿ ಆಫ್ ಮಾಡಿಟ್ಟ ಅವನ ಮೊಬೈಲನ್ನು ಚಾರ್ಜಿಗೆ ಹಾಕಿದೆ. ಹೆಸರುಗಳಲ್ಲಿ ಎಲ್ಲಕ್ಕೂ ಮೇಲೆ ಅಕ್ಕ ಎಂದು ಒಂದು ನಂಬರು. ನನ್ನ ನಂಬರು ಎಲ್ಲಿ ಎಂದು ಕೆಳಗೆ ಹುಡುಕುತ್ತ ಹೋದೆ. ಕೆಫೆ ಎಂದು ಇತ್ತು.

ಫೋನ್ ಮಾಡಿದೆ. ಹೆಂಗಸಿನ ದನಿ ತಡಮಾಡದೆ, "ಎಲ್ಲಿ ಸತ್ತಿದ್ದೆ ಮಾರಾಯ ಇಷ್ಟು ದಿನ? ಫೋನೂ ಇಲ್ಲ, ಮೆಸೇಜಿಗೆ ಉತ್ತರವೂ ಇಲ್ಲ" ಎಂದಿತು.

"ನಾನು ಅವನ ಅಕ್ಕ" ಎಂದೆ.

"ದೀದಿಯಾ?" ಎಂದಳು.

ನಾನು ವಿಷಯ ಹೇಳಿದೆ. ಅವಳು ಅತ್ತಳು. ಫೋನಿನಲ್ಲಿ ಅವಳ ಅಳು ಕೇಳುತ್ತ ನಾನು ಕೌಂಟರಿನಲ್ಲಿ ನಿಂತಿದ್ದೆ. ನಾನು ಇನ್ನೂ ಹಾಗೆ ಅತ್ತಿರಲಿಲ್ಲ. ಅವಳಿಗೆ ಅಷ್ಟು ಸುಲಭವಾಗಿ ಬಂದದ್ದು ನನಗೆ ಸರಿ ಕಾಣಲಿಲ್ಲ. ಕಳ್ಳಿಯಾದರೆ ಹೀಗೆ ಅಳುತ್ತಿರಲಿಲ್ಲ ಎಂದು ಬುದ್ಧಿಗೆ ಹೊಳೆಯಿತು. ಕಳ್ಳಿಯೇ ಆಗಿದ್ದರೆ ಚೆನ್ನಾಗಿತ್ತು ಎಂದು ಮನಸ್ಸಿಗೆ ಅನಿಸಿತು.

ಥಾಣೆಯಲ್ಲಿ ಲೋಕಲ್ ರೈಲು ಇಳಿದು ಪನವೇಲ್ ಗಾಡಿ ಹಿಡಿದು ಖಾರಘರಕ್ಕೆ ಹೋದೆ. ಅವಳು ಉಡುಪಿ ಕಡೆಯವರ ಮಗಳು, ಮಹಾಪೆಯಲ್ಲಿ ಕೆಲಸ, ಒಬ್ಬಳೇ ಬಾಡಿಗೆಗೆ ಇದ್ದಳು. ತಮ್ಮನಿಗಿಂತ ದೊಡ್ಡವಳು, ನನಗಿಂತ ಚಿಕ್ಕವಳು. ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ನನ್ನನ್ನು ಅಕ್ಕ ಎಂದು ಕರೆದಳು. ನಾನು ನೀವು ಎಂದೆ, ಅಷ್ಟೇ.

ಅವಳೂ ಮೊದಲು ಕೇಳಿದ್ದು ಅದನ್ನೇ. "ವಣಸ್ ಆಂಡಾ?"

"ಆಂಡ್" ಎಂದೆ. ಬೆಳಗ್ಗೆ ಚಹಾ ಬಿಟ್ಟರೆ ಏನೂ ಆಗಿರಲಿಲ್ಲ.

"ಅಷ್ಟು ಬೇಗ ಆಂಡ್ ಎಂದವರು ಉಂಡಿರುವುದಿಲ್ಲ ಎಂದು ಅವನು ಹೇಳುತ್ತಿದ್ದ" ಎಂದು ತಟ್ಟೆ ತಂದಿಟ್ಟಳು. ಗಂಜಿ, ಉಪ್ಪಿನಕಾಯಿ, ಒಣಮೀನಿನ ಚಟ್ನಿ. ನಾನು ತಲೆ ತಗ್ಗಿಸಿ ಉಂಡೆ.

ಉಣ್ಣುವಾಗಲೇ ಅವಳು ಹೇಳಿದ್ದು. ತಮ್ಮನ ಟ್ರೇಡಿಗೆ ಒಂದು ಕಟ್ಟಳೆ ಇತ್ತು. ಮೊದಲು "ವಣಸ್ ಆಂಡಾ" ಎಂದು ಕೇಳುವುದು. "ಆಂಡ್" ಎಂದರೆ ಟ್ರೇಡ್. "ಇಜ್ಜಿ", ಅಂದರೆ ಇಲ್ಲ ಎಂದರೆ, "ಖಾನಾ ಖಾಕೆ ಆ, ಖಾಲೀ ಪೇಟ್ ಟ್ರೇಡ್ ನಹೀಂ", ಉಂಡು ಬಾ, ಖಾಲಿ ಹೊಟ್ಟೆಗೆ ಟ್ರೇಡ್ ಇಲ್ಲ, ಎಂದು ವಾಪಸು ಕಳಿಸುವುದು. ಹಸಿದವನಿಗೆ ಅವಸರ, ಅವಸರದವನೇ ಮೋಸ ಹೋಗುವುದು ಎಂದು ಅವನ ಲೆಕ್ಕ. ಮರಾಠಿ, ಗುಜರಾತಿ, ತಮಿಳು ಮಕ್ಕಳೆಲ್ಲ ಈ ಎರಡು ತುಳು ಪದ ಕಲಿತಿದ್ದು ಹಾಗೆ.

"ನೀವು ಕೇಳಿದರೆ ಅವನು ಏನೆನ್ನುತ್ತಿದ್ದ?" ಎಂದೆ.

"ಇಜ್ಜಿ ಅಂತಿದ್ದ. ದಿನಾ ಇಜ್ಜಿಯೇ. ನಾನು ಬೈದು ಕಳಿಸುತ್ತಿದ್ದೆ. ದೀದಿ ಡಬ್ಬಿ ತಂದಿಟ್ಟಿದ್ದಾಳೆ ಎಂದು ಹೋಗಿ ತಿಂದು ಬರುತ್ತಿದ್ದ."

ನಾನು ಮೆಟ್ಟಿಲು ಹತ್ತಿ ಹೊತ್ತು ತಂದ ಡಬ್ಬಿಯನ್ನು ಅವನು ತಿನ್ನುತ್ತಿದ್ದದ್ದು ಅವಳ ಮಾತಿಗೆ. ಅವಳು ಇಲ್ಲದ ದಿನ ಅದು ಹಾಗೇ ವಾಪಸು ಬರುತ್ತಿತ್ತು. ಅವಳು ಒಳ್ಳೆಯವಳು ಎನ್ನುವುದರಲ್ಲಿ ನನಗೆ ಸಂಶಯ ಉಳಿದಿರಲಿಲ್ಲ, ಅದೇ ಕಷ್ಟ.

ಅವಳು ಕಂಪ್ಯೂಟರ್ ಹಚ್ಚಿದಳು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು. ಅವನು ಕೇಳಿದಾಗ ಅವನ ಆಟವನ್ನು ಅವಳು ಆಡಿಕೊಡುತ್ತಿದ್ದಳಂತೆ. ಅವಳ ಬೆರಳು ಅದನ್ನು ಒತ್ತುವಾಗ ನಾನು ಕಿಟಕಿಯ ಕಡೆ ತಿರುಗಿದೆ. ಖಾತೆ ತೆರೆಯಿತು. ಕೊನೆಯ ಸಲ ತೆರೆದದ್ದು ಆ ಶನಿವಾರ. ಚೀಲದಲ್ಲಿ ಹುಡುಗನ ರೆಕ್ಕೆ ಇರಲಿಲ್ಲ, ಯಾರ ಕತ್ತಿಯೂ ಇರಲಿಲ್ಲ. ಹಾಗಾದರೆ ಸಂತೆಯಲ್ಲಿ ನಿಂತವನು ಯಾರು?

ಅವಳು ತನ್ನ ಸ್ವಂತ ಹೆಸರಿನಲ್ಲಿ ಸಂತೆಗೆ ಹೋಗಿ ಅವನನ್ನು ಕಂಡಳು. ಇಂಗ್ಲಿಷ್ ಅಕ್ಷರಗಳಲ್ಲಿ ಕಡ್ಲೆ ಅಣ್ಣ ಎಂದೇ ಇತ್ತು. ಅವಳು ಆ ಹೆಸರನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದಳು, ಕೆಳಗೆ ತಮ್ಮನ ಖಾತೆಯ ಹೆಸರು ಹಾಕಿದಳು, ಅಕ್ಷರದ ಶೈಲಿ ಬದಲಿಸಿದಳು. ಆಟದ ಪರದೆಯಲ್ಲಿ ಇಂಗ್ಲಿಷಿನ ಸಣ್ಣ ಎಲ್ ಒಂದು ಕಡ್ಡಿ, ದೊಡ್ಡ ಐ ಕೂಡ ಒಂದು ಕಡ್ಡಿ. ಶೈಲಿ ಬದಲಾದ ಕೂಡಲೇ ಮೇಲಿನ ಹೆಸರಿನ ಕಡ್ಡಿಗೆ ತಲೆಯೂ ಕಾಲೂ ಮೂಡಿತು. ಅದು ಐ. ಯಾರೋ ತಮ್ಮನ ಹೆಸರಿನಂತೆ ಕಾಣುವ ಬೇರೆ ಹೆಸರು ಮಾಡಿಕೊಂಡಿದ್ದ. ವಣಸ್ ಆಂಡಾ ಎನ್ನುವುದನ್ನು ಸಂತೆಯಲ್ಲಿ ನೋಡಿ ಕಲಿತಿದ್ದ.

"ಇಜ್ಜಿ ಎಂದರೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿರಲಿಕ್ಕಿಲ್ಲ" ಎಂದೆ. ಅವಳು ನನ್ನ ಮುಖ ನೋಡಿದಳು. ಅಂದು ನಾನು ಅವಳಿಗಿಂತ ಮೊದಲು ಕಂಡುಕೊಂಡದ್ದು ಅದೊಂದೇ.

ಎಲ್ಲರ ಎದುರು ಇಜ್ಜಿ ಎಂದು ಅವನನ್ನು ಬಯಲಿಗೆಳೆಯೋಣ ಎಂದುಕೊಂಡೆವು. ಮೊದಲ ಪ್ರಯತ್ನ ಕೆಟ್ಟಿತು. ಅವಳು ಖಾರಘರದಲ್ಲಿ ತಮ್ಮನ ಖಾತೆ ತೆರೆದು ಸಂತೆಯ ಹೊರಗೆ ಕಾಯುತ್ತಿದ್ದಳು. ಠಾಕುರ್ಲಿಯ ಹುಡುಗ ಕೆಫೆಯಲ್ಲಿ ಹೊಸ ಹೆಸರಿನಲ್ಲಿ ಒಂದು ಶಿರಸ್ತ್ರಾಣ ಹಿಡಿದು ಕಳ್ಳನ ಎದುರು ನಿಂತ. "ವಣಸ್ ಆಂಡಾ" ಎಂದು ಬಂತು. ಹುಡುಗ "ಆಂಡ್" ಎಂದು ಒತ್ತಿಬಿಟ್ಟ. ಶಿರಸ್ತ್ರಾಣ ಹೋಯಿತು.

"ಇಜ್ಜಿ ಅನ್ನು ಎಂದಿದ್ದೆನಲ್ಲ" ಎಂದೆ.

"ಆದತ್ ಹೈ, ಆಂಟಿ, ಅಭ್ಯಾಸ. ಇಜ್ಜಿ ಎಂದರೆ ಅಣ್ಣಾ ಕಾಯಿಸುತ್ತಿದ್ದರು. ನಾವು ಯಾರೂ ನಿಜ ಹೇಳುತ್ತಲೇ ಇರಲಿಲ್ಲ."

ಅವನ ಗೆಳೆಯರು ನಕ್ಕರು. ಆ ಮಕ್ಕಳೂ ನನ್ನ ತಮ್ಮನಿಗೆ ಅದೇ ಸುಳ್ಳು ಹೇಳುತ್ತಿದ್ದರು.

ಇಜ್ಜಿ ಎನ್ನುವವಳು ನಾನೇ ಆಗಬೇಕು ಎಂದು ಅಂದು ತೀರ್ಮಾನಿಸಿದೆ. ಇನ್ನೊಂದು ತೀರ್ಮಾನ ಇದಕ್ಕಿಂತ ಕಷ್ಟದ್ದು. ಅವಳ ಮನೆಯ ನೆಟ್ ನಿಧಾನ, ಕಳ್ಳ ಓಡುವ ಮೊದಲು ಅವಳು ಸಂತೆಯ ಒಳಗೆ ತಲುಪಿರಲಿಲ್ಲ. ನಮ್ಮ ಕೆಫೆಯ ಲೈನು ಬೇಕು. ಉಳಿದ ಮೆಷಿನ್‌ಗಳಲ್ಲಿ ರವಿವಾರ ಹುಡುಗರು ತುಂಬಿರುತ್ತಾರೆ. ನಾನು ಫೋನ್ ಮಾಡಿ, "ನೀವು ಇಲ್ಲಿಗೇ ಬನ್ನಿ" ಎಂದೆ. ಮೂಲೆಯ ಮೆಷಿನ್ನಿನ ಟವೆಲ್ ತೆಗೆದೆ. ಕೀಬೋರ್ಡಿನ ಸಂದಿಯಲ್ಲಿ ಕಡಲೆಯ ಸಿಪ್ಪೆಗಳಿದ್ದವು. ಅವನ್ನು ಕೊಡವಲಿಲ್ಲ.

ರವಿವಾರ ಮಧ್ಯಾಹ್ನ ಅವಳು ಬಂದಳು. ಒಮ್ಮೆಯೂ ನೋಡಿರದ ಜಾಗದಲ್ಲಿ ಅವನ ಕುರ್ಚಿ ಯಾವುದು ಎಂದು ಕೇಳದೆಯೇ ಹೋಗಿ ಕುಳಿತಳು. ಕುರ್ಚಿಯನ್ನು ಎತ್ತರಿಸಲಿಲ್ಲ, ತಗ್ಗಿಸಲಿಲ್ಲ. ಠಾಕುರ್ಲಿಯ ಹುಡುಗ ಬಿಟ್ಟುಕೊಟ್ಟ ಪಕ್ಕದ ಮೆಷಿನ್ನಿನಲ್ಲಿ ನಾನು ಕುಳಿತೆ. ಹುಡುಗ ನನ್ನ ಕೈಗೆ ಮೌಸು ಕೊಟ್ಟು ಹಿಂದೆ ನಿಂತ.

ಸಂತೆಯಲ್ಲಿ ಬಹಳ ಜನ. ಎಲ್ಲರ ತಲೆಯ ಮೇಲೂ ಹೆಸರುಗಳು ತೇಲುತ್ತಿದ್ದವು. ನಾನು ನನ್ನ ಗೊಂಬೆಯನ್ನು ಎಡವಿಸುತ್ತ ನಡೆಸಿ ಕಡ್ಲೆ ಅಣ್ಣನ ಎದುರು ನಿಲ್ಲಿಸಿದೆ. ಸುತ್ತ ಸರದಿಗೆ ನಿಂತ ಮಕ್ಕಳಿದ್ದರು.

ಪರದೆಯ ಮೇಲೆ ತಮ್ಮನ ಹೆಸರು ನನ್ನನ್ನು ಕೇಳಿತು. ವಣಸ್ ಆಂಡಾ?

ನಾನು ಅಂದು ಉಂಡಿರಲಿಲ್ಲ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಇಜ್ಜಿ ಎಂದು ಒತ್ತಿದೆ.

"ಓಕೆ ಬ್ರೋ, ಜಲ್ದೀ ಐಟಂ ಭೇಜ್" ಎಂದು ಬಂತು, ಬೇಗ ವಸ್ತು ಕಳಿಸು ಎಂದು.

ಸರದಿಯಲ್ಲಿದ್ದ ಯಾರೋ ಒಂದು ಪ್ರಶ್ನೆಯ ಚಿಹ್ನೆ ಹಾಕಿದರು. ಆಗ ಅವಳು ನಿಜವಾದ ಕಡ್ಲೆ ಅಣ್ಣನನ್ನು ಒಳಗೆ ತಂದು ಅವನ ಪಕ್ಕದಲ್ಲೇ ನಿಲ್ಲಿಸಿದಳು. ಒಂದೇ ಹೆಸರಿನ ಇಬ್ಬರು. ಎರಡನೆಯವನು ಬರೆದ. "ಖಾನಾ ಖಾಕೆ ಆ. ಖಾಲೀ ಪೇಟ್ ಟ್ರೇಡ್ ನಹೀಂ."

ಸರದಿಯಲ್ಲಿದ್ದವರೆಲ್ಲ ಹೆಜ್ಜೆ ಹಿಂದೆ ಸರಿದರು, ಒಬ್ಬರಾದ ಮೇಲೆ ಒಬ್ಬರು ಮೊದಲನೆಯವನಿಗೆ ಇಜ್ಜಿ, ಇಜ್ಜಿ ಎಂದು ಬರೆಯತೊಡಗಿದರು. ಅವನು ಒಂದು ಕೆಟ್ಟ ಬೈಗುಳ ಬರೆದು ಮಾಯವಾದ. ಕೆಫೆಯಲ್ಲಿ ಹುಡುಗರು ಮೇಜು ಬಡಿದರು.

ಇನ್ನೊಂದು ಕೆಲಸ ಉಳಿದಿತ್ತು. ಅವನು ಇಲ್ಲ ಎಂದು ಹೇಳದೆ ಇದ್ದರೆ ನಾಳೆ ಇನ್ನೊಬ್ಬ ಇನ್ನೊಂದು ಕಡ್ಡಿ ಬದಲಿಸಿ ಬರುತ್ತಾನೆ. ನಾನು ಹೇಳಿದೆ, ಅವಳು ಬರೆದಳು. ಕಡ್ಲೆ ಅಣ್ಣ ತೀರಿಕೊಂಡಿದ್ದಾನೆ. ಇನ್ನು ಮುಂದೆ ಈ ಹೆಸರಿನಲ್ಲಿ ಯಾರು ಬಂದರೂ ಏನೂ ಕೊಡಬೇಡಿ.

"ಕೆಳಗೆ ಯಾರೆಂದು ಹಾಕಲಿ?" ಎಂದಳು.

"ಅಕ್ಕ ಎಂದು ಹಾಕಿ" ಎಂದೆ. ಯಾವ ಅಕ್ಕ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಲ್ಯಾಣದಿಂದ, ನೆರೂಳಿನಿಂದ, ಹೆಸರೂ ಗೊತ್ತಿಲ್ಲದ ಊರುಗಳಿಂದ ಉತ್ತರಗಳು ಬಂದವು. ನನ್ನನ್ನು ದಿನಾ ಊಟ ಮಾಡಿದೆಯಾ ಎಂದು ಕೇಳುತ್ತಿದ್ದ ಎಂದು ಒಬ್ಬ. ನನ್ನ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಇವನೊಬ್ಬನೇ ಎಂದು ಇನ್ನೊಬ್ಬ. ಅವಳು ಓದಿ ಹೇಳುತ್ತ ಹೋದಳು. ಸಾಕು ಎಂದೆ. ಅವಳು ಖಾತೆಯಿಂದ ಹೊರಬಂದಳು, ಪಾಸ್‌ವರ್ಡ್ ಬರೆದುಕೊಡಲೇ ಅಕ್ಕ ಎಂದಳು. ಬೇಡ ಎಂದೆ. ಅವನು ಕೊಟ್ಟಿದ್ದರೆ ಇಟ್ಟುಕೊಳ್ಳುತ್ತಿದ್ದೆ.

ಅವಳು ಈಗಲೂ ಫೋನ್ ಮಾಡುತ್ತಾಳೆ, ವಣಸ್ ಆಂಡಾ ಎಂದು ಕೇಳುತ್ತಾಳೆ. ನಾನು ಆಂಡ್ ಎನ್ನುತ್ತೇನೆ.

ಠಾಕುರ್ಲಿಯ ಹುಡುಗನ ರೆಕ್ಕೆ ಸಿಗಲಿಲ್ಲ. ಕಲ್ಯಾಣದವನ ಕತ್ತಿ, ಕಾಮೋಠೆಯ ಕವಚ ಸಿಗಲಿಲ್ಲ. ತಮ್ಮನ ಹೆಸರಿನಲ್ಲಿ ನನ್ನನ್ನು ಊಟ ಆಯಿತಾ ಎಂದು ಕೇಳಿದವನು ಒಬ್ಬ ಕಳ್ಳ, ಅವನಿಗೆ ನಾನು ನಿಜ ಹೇಳಿದೆ. ತಮ್ಮ ನನಗೆ ಹೇಳಿದ ಇಜ್ಜಿ ಒಂದೂ ಇಲ್ಲ.